ಬೀಗರೂಟಕ್ಕೆ ಎದ್ದು ನಿಂತ ಗ್ರಿಲ್

ಹುಣಸೂರಿನಲ್ಲಿ ಗ್ಯಾಸ್ ಸ್ಟೌ ರಿಪೇರಿ ಅಂಗಡಿ ಇಟ್ಟವನು ಫಜೀತಿ ಹುಡುಕಿಕೊಂಡು ಹೋಗಬೇಕಾಗಿಲ್ಲ, ಒಲೆಗಳ ಜೊತೆ ತಾನೇ ಬರುತ್ತದೆ. ಈ ಫಜೀತಿಯನ್ನು ಮಾತ್ರ ನಾನೇ ಗುಜರಿಯಿಂದ ಹೊತ್ತು ತಂದೆ. ಅದು ಯಾವುದೋ ಎಸ್ಟೇಟಿನ ಹಳೇ ವಿದೇಶಿ ಗ್ಯಾಸ್ ಗ್ರಿಲ್. ಕಂಬಿಗಳ ಮೇಲೆ ಮಾಂಸವಿಟ್ಟು ಮುಚ್ಚಳ ಹಾಕಿ ಬೇಯಿಸುವಂಥದ್ದು. ಮಗಳ ಮದುವೆ ಗೊತ್ತಾಗಿತ್ತು. ಬೀಗರೂಟದಲ್ಲಿ ಇದರಲ್ಲೇ ಕೋಳಿ ಮಾಡಿ, ಹಂಪಾಪುರದ ಬೀಗರಿಂದ ಭೇಷ್ ಅನ್ನಿಸಿಕೊಂಡೇ ತೀರಬೇಕೆಂದು ಹಟ ಹಿಡಿದೆ.

ಮೊದಲ ಗಿರಾಕಿ

ತುಕ್ಕು ಉಜ್ಜಿ ಉಜ್ಜಿ ರಟ್ಟೆ ಬಿದ್ದುಹೋಯಿತು. ಹಿತ್ತಲಲ್ಲಿ ಒಣಗಲು ಬಿಟ್ಟು ಪಿರಿಯಾಪಟ್ಟಣಕ್ಕೆ ಹೋಗಿ ಬರುವಷ್ಟರಲ್ಲಿ ನಮ್ಮ ಹ್ಯಾಟೆ ಕೋಳಿ ಅದರೊಳಗೆ, ಹೆಂಡತಿ ಇಟ್ಟ ಮೊಟ್ಟೆಗಳ ಮೇಲೆ, ಕಾವಿಗೆ ಕೂತಿತ್ತು. ಎಬ್ಬಿಸಲು ಹೋದರೆ ಹೆಂಡತಿ ಅಡ್ಡ ನಿಂತಳು.

"ಕಾವಿಗೆ ಕೂತಿರಾದ್ನ ಎಬ್ಬಿಸಂಗಿಲ್ಲ ಕಣ್ರೀ."

"ನನ್ ಗ್ರಿಲ್ ಗತಿ ಏನೇ?"

"ಅದ್ರೊಳೀಕೆ ಕೋಳಿ ಓಗ್ಬೇಕು ಅಂತಿದ್ರಲ್ಲ, ಓಗಯ್ತಲ್ಲ!"

ಮರಿಗಳು ಹೊರಬಂದ ಮೇಲೇ ನನಗೆ ಗ್ರಿಲ್ ಸಿಕ್ಕಿದ್ದು.

ಹೊಳೆಯ ಕಲ್ಲು

ಬರ್ನರ್ ಪೈಪು ಜರಡಿಯಾಗಿತ್ತು. ಕೆ.ಆರ್. ನಗರದ ಲೇತ್ ಅಂಗಡಿಯಲ್ಲಿ ಹೊಸದು ಮಾಡಿಸಿದೆ. ಕಾವು ಹಿಡಿದಿಡಲು ಉರಿಯ ಮೇಲೆ ಹರಡುವ ಕಲ್ಲುಗಳು ಇರಲಿಲ್ಲ. ಕಟ್ಟೆಮಳಲವಾಡಿಯ ಹೊಳೆಯಿಂದ ನುಣ್ಣನೆಯವನ್ನು ಆರಿಸಿ ತಂದೆ. ಅಂಗಡಿ ಮುಂದೆ ಹಚ್ಚಿ ಸ್ವಲ್ಪ ಹೊತ್ತಾಗಿತ್ತು, ಒಳಗೆ ನೀರು ಸೇರಿಕೊಂಡಿದ್ದ ಒಂದು ಕಲ್ಲು ಢಂ ಎಂದು ಸಿಡಿಯಿತು. ಸಿಲಿಂಡರೇ ಹೋಯಿತೆಂದು ಬೀದಿಯೆಲ್ಲ ಓಡಿತು. ನಾನೂ ಓಡಿದೆ. ಮುಂದೆ ಓಡುತ್ತಿದ್ದ ಪಕ್ಕದಂಗಡಿ ಟೈಲರ್ ತಿರುಗಿ ನೋಡಿ, "ರಿಪೇರಿ ಮಾಡೋರೇ ಓಡುದ್ರೆ ನಮ್ ಕತೆ ಏನ್ರೀ?" ಎಂದು ಇನ್ನೂ ಜೋರಾಗಿ ಓಡಿದ. ಬಿಡುವ ಆಸಾಮಿ ನಾನಲ್ಲ. ಮಾರನೇ ದಿನ ಕಲ್ಲಿನ ಬದಲು ಒಡೆದ ಹೆಂಚಿನ ಚೂರು ಹರಡಿದೆ.

ಬೀಗರ ಭೇಷ್

ಬೀಗರೂಟದ ದಿನ ನೀಲಿ ಉರಿ ಸಾಲಾಗಿ ಎದ್ದಿತು. ಮಸಾಲೆ ಸವರಿದ ಇಡೀ ಕೋಳಿಗಳು ಹೊಂಬಣ್ಣಕ್ಕೆ ತಿರುಗಿದವು. ಕೋಳಿಗಳನ್ನು ಹರಿವಾಣದಲ್ಲಿ ಜೋಡಿಸಿಟ್ಟು ಬೀಗರನ್ನು ಕರೆತರಲು ಹೋದೆ. ಬಂದು ನೋಡಿದರೆ ಹರಿವಾಣ ಖಾಲಿ! ಸಾರು ಮಾಡಲು ಕರೆಸಿದ್ದ ಅಡುಗೆಯವನು ಕೊನೇ ಕೋಳಿಯನ್ನು ತುಂಡು ಮಾಡಿ ಕುದಿಯುವ ಸಾರಿಗೆ ಹಾಕುತ್ತಿದ್ದ.

"ಏನಯ್ಯಾ ಮಾಡ್ದೆ?"

"ಸುಟ್ಟಿಟ್ಟಿದ್ರಲ್ಲಣ್ಣ, ಸಾರಿಗಾಕ್ದೆ. ಒಂದ್ ಪುಕ್ಕನೂ ಉಳ್ದಿಲ್ಲ, ಬೋ ಚೆಂದಾಗ್ ಸುಟ್ಟಿದ್ದೀರಿ ಬುಡಿ!"

ನಮ್ಮ ಕಡೆ ಪುಕ್ಕ ಕಿತ್ತ ಕೋಳಿಯನ್ನು ಮೊದಲು ಬೆಂಕಿಯಲ್ಲಿ ಸುಟ್ಟು, ಆಮೇಲೆ ಸಾರು ಮಾಡುವುದು. ನನ್ನದು ಬರೀ ಸುಡುವ ಕೆಲಸ, ಅಡುಗೆ ತನ್ನದು ಎಂದುಕೊಂಡಿದ್ದ ಪುಣ್ಯಾತ್ಮ.

ಬೀಗರು ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗಿ, ಭೇಷ್ ಎಂದರು. ಅಡುಗೆಯವನಿಗೆ.

ಊಟವಾದ ಮೇಲೆ ಬೀಗರು ಗ್ರಿಲ್ ಸುತ್ತ ಒಂದು ಸುತ್ತು ಬಂದು ಮುಚ್ಚಳ ಎತ್ತಿ ನೋಡಿದರು. "ಬೀಗ್ರೇ, ಇದ್ನ ನಮ್ಮೂರ್ಗೂ ಒಂದ್ ದಪ ಕಳ್ಸಿಕೊಡ್ರಿ."

ನನ್ನ ಎದೆ ಉಬ್ಬಿತು. "ಅದ್ಕೇನಂತೆ! ಎಷ್ಟು ಕೋಳಿ ಮಾಡ್ಬೇಕು ಹೇಳಿ."

"ಕೋಳಿ ಬುಡಿ, ಅದ್ನ ಬತ್ತದ್ ಉಲ್ಲಲ್ಲೇ ಸುಡ್ತೀವಿ. ಅಬ್ಬಕ್ಕೆ ಆಡ್ ಕುಯ್ತೀವಲ್ಲ, ತಲೆಕಾಲು ಸುಡಕ್ಕೆ!"