ಥ್ಯಾಂಕ್ಯೂ ಅಂದ ಅಳಿಯ

ಬರ್ರಿ ಮಕ್ಕಳ್ರಾ, ಗ್ವಾಡಿಗಿ ಬೆನ್ನು ಹಚ್ಚಿ ಆರಾಮ ಕುಂದರ್ರಿ. ಹೊಸ ಅಳಿಯ ಬಂದ ಮನ್ಯಾಗ ನಗೂದಕ್ಕೇನು ಕಮ್ಮಿ, ಒಂದಿಲ್ಲೊಂದು ನಡೀತಾನ ಇರ್ತದ. ನಮ್ಮ ಮನ್ಯಾಗ ನಡೆದದ್ದು ಒಂದು ಅಂಗ್ರೇಜಿ ಮಾತಿನಿಂದ.

ರೊಟ್ಟಿ ತಾಟು

ರಜಾಕಾರರ ಗದ್ದಲದಾಗ ನಿಮ್ಮ ಮುತ್ಯಾ ಖಜೂರಿ ಗಡಿ ದಾಟಿ ಸೋಲಾಪುರಕ್ಕ ಹೋಗಿ, ಗಿರಣಿ ಸಾಹೇಬಗ ಚಹಾ ಕೊಡೂ ಕೆಲಸಕ್ಕ ನಿಂತಿದ್ದ. ಗದ್ದಲ ತಣ್ಣಗಾದ ಮ್ಯಾಲ ನನ್ನ ಕರಕೊಂಡು ಹೋಗಾಕ ನನ್ನ ತವರೂರು ಮಟಕಿಗಿ ಬಂದ. ಲಗ್ನ ಆಗಿ ವರ್ಷಾದ್ರೂ ನಾ ಗಂಡನ ಮನಿ ಕಂಡಿರಲಿಲ್ಲ. ಗಂಟು ಕಟ್ಟಿಟ್ಟು ಕುಂತಿದ್ದೆ.

ಅವ್ವ ಕಾಲಿಗಿ ನೀರು ಕೊಟ್ಟರ "ಥ್ಯಾಂಕ್ಯೂ" ಅಂದ. ರೊಟ್ಟಿ ಹಾಕಿದರ "ಥ್ಯಾಂಕ್ಯೂ" ಅಂದ.

"ಏನಂತೀರಿ ಅಳಿಯಂದ್ರ?"

"ಏನರ ಕೊಟ್ರ ಸಾಹೇಬ ಹಿಂಗಂತಾನ್ರಿ ಅತ್ತಿ. ಖುಷಿ ಆಗ್ಯದ ಅಂತ."

ಖುಷಿ ಆದವರನ್ನ ಅವ್ವ ಸುಮ್ಮ ಬಿಡತಾಳೇನು. ಅವ ಅಂದಂಗೆಲ್ಲ ಇನ್ನೊಂದು ರೊಟ್ಟಿ. ಕಡೀಗಿ ಅವನ್ನ ಎಬ್ಬಸಾಕ ಇಬ್ಬರು ಬೇಕಾದ್ರು.

ಅಪ್ಪನ ಮುನಿಸು

ಅಪ್ಪಗ ಸರಿ ಬರಲಿಲ್ಲ. "ಮನಿ ಮಂದಿಗಿ ಯಾರರ ಉಪಕಾರ ಆತು ಅಂತ ಹೇಳ್ತಾರೇನು? ಈತ ನಮ್ಮನ್ನ ಹೊರಗಿನವರು ಮಾಡ್ಯಾನ. ಮಗಳನ್ನ ಕಳಸಂಗಿಲ್ಲ" ಅಂದ.

"ತಪ್ಪಾತ್ರಿ ಮಾಮಾ," ಅಂದ ನಿಮ್ಮ ಮುತ್ಯಾ.

ಅಪ್ಪ ಮೆತ್ತಗಾದ. "ಹೋಗ್ಲಿ ಬಿಡ್ರಿ."

"ಥ್ಯಾಂಕ್ಯೂ ಮಾಮಾ."

ನಾ ಒಳಗ ಗಂಟು ಬಿಚ್ಚಿದೆ.

ಮಾಸ್ತರ ಬಿಡಿಸಿದ ಅರ್ಥ

ಮರುದಿನ ಅವ್ವ ಆಳಂದದಿಂದ ಅಂಗ್ರೇಜಿ ಬಲ್ಲ ಮಾಸ್ತರನ್ನ ಕರೆಸಿದ್ಲು. "ಇದು ದೂರ ಮಾಡೂ ಮಾತಲ್ರಿ ಯಜಮಾನ್ರ," ಅಂದ್ರು ಅವರು. "ಅಂಗ್ರೇಜರು ವಿಚಾರ ಮಾಡೂದಕ್ಕ ಥಿಂಕ್ ಅಂತಾರ. ಅದೂ ಇದೂ ಒಂದ ತಾಯಿ ಮಕ್ಕಳು. ನೀವು ಮಾಡಿದ್ದು ಮನಸಿನ್ಯಾಗ ಇಟ್ಕೊಂಡೀನಿ ಅಂತ ಅದರ ಮೂಲ ಅರ್ಥ."

ಅಪ್ಪ ಅಳಿಯನ ಕಡಿ ತಿರುಗಿ ಬೆರಳು ಮಡಚಾಕ ಸುರು ಮಾಡಿದ. "ಹಂಗಾರ ಅಳಿಯಂದ್ರ, ನಮ್ಮನ್ನ ಮರೆಯಂಗಿಲ್ಲ ಅಂತ ನಿನ್ನಿಯಿಂದ ಮಾತು ಕೊಡಾಕತ್ತೀರಿ. ಕಾಲಿಗಿ ನೀರು ಕೊಟ್ಟಾಗ ಅಂದ್ರಿ, ಪಂಚಮಿಗಿ ಮಗಳನ್ನ ತವರಿಗಿ ಕಳಸ್ರಿ. ಮೊದಲನೇ ರೊಟ್ಟಿಗಿ ದೀಪಾವಳಿ. ಎರಡನೇದಕ್ಕ ಯುಗಾದಿ."

ಅವ್ವ ಒಳಗಿಂದ, "ರೊಟ್ಟಿ ಮ್ಯಾಲ ಶೇಂಗಾ ಹಿಂಡಿ ಹಾಕಿದಾಗೂ ಅಂದಾರ," ಅಂದ್ಲು.

"ಅದಕ್ಕ ಎಳ್ಳ ಅಮಾಸಿ."

ಬಂಡಿ ಹೂಡಿದ್ರು. ಅವ್ವ ಬುತ್ತಿ ಕೈಗಿ ಕೊಟ್ಲು. ನಿಮ್ಮ ಮುತ್ಯಾನ ಬಾಯಿ ತೆರೀತು. ಅಪ್ಪ ಕಿವಿ ಮುಂದ ಮಾಡಿದ. ಬಾಯಿ ಮುಚ್ಚಿಕೊಂಡಿತು.

ಮಾಸ್ತರಗ ಮುಂದ ಜೇವರ್ಗಿಗಿ ವರ್ಗಾ ಆತು. ಅಲ್ಲಿ ಹೊಸ ಅಳಿಯಂದ್ರು ಅವರನ್ನ ಕಂಡರ ಸಂದಿ ಹಿಡದು ಓಡತಿದ್ರಂತ. ಅಪ್ಪ ಅವ್ವ ಮುಪ್ಪಾಗಿ, ಮಗಳ ಮಾರಿ ನೋಡಕೋತನ ಕಣ್ಣು ಮುಚ್ಚಿದ್ರು. ನಾ ಒಂದು ಹಬ್ಬ ಬಿಡದ ತವರಿಗಿ ಬಂದೆ. ಆವಾಗ ನಿಮ್ಮ ಮುತ್ಯಾ ಸೋಲಾಪುರದಾಗ ತಾ ಒಬ್ಬನೇ ಒಲಿ ಮುಂದ ಕುಂತು ರೊಟ್ಟಿ ಬಡಿಯೂದು ಕಲತ. ಛಲೋ ಬಡೀತಿದ್ದ. ತಿಂದ ಗೆಳೆಯರು ಥ್ಯಾಂಕ್ಯೂ ಅಂದ್ರ, "ಹಂಗನಬ್ಯಾಡ್ರೋ, ಹಬ್ಬ ಹೋಗ್ತಾವ," ಅಂತಿದ್ದ.