ಹೂಜಿ ಬೀಳಿಸಿದೆ

ಭಾನುವಾರ ಬೆಳಿಗ್ಗೆ ಅಂಚೆ ಗುಮಾಸ್ತರು ಕಳ್ಳತನ ಮಾಡಿ ಗೋಡೆ ಹಾರುವುದನ್ನು ಅಭ್ಯಾಸ ಮಾಡುತ್ತಿದ್ದರು. ಕೈ ಬೀಸಿದ ರಭಸಕ್ಕೆ ಹೆಂಡತಿಯ ನೀಲಿ ಗಾಜಿನ ಹೂಜಿ ನೆಲಕ್ಕೆ ಬಿದ್ದು ಚೂರುಚೂರಾಯಿತು.

"ಅಯ್ಯೋ, ನಮ್ಮಮ್ಮ ಕೊಟ್ಟ ಹೂಜಿ! ಏನ್ರೀ ಆಯ್ತು?" ಹೆಂಡತಿ ಓಡಿ ಬಂದಳು.

"ಕಿಟಕಿ ತೆಗೆದಿತ್ತು. ಪಕ್ಕದ್ಮನೆ ಬೆಕ್ಕು ಬಂದಿತ್ತು. ಹೂಜಿ ಬೀಳಿಸಿದೆ," ಅಂದರು ಗುಮಾಸ್ತರು, ಮುಖವನ್ನು ಅಂಟಿಸಿದ ಲಕೋಟೆಯ ಹಾಗೆ ಬಿಗಿದುಕೊಂಡು. ಅವಳು ಬೆಕ್ಕಿಗೆ ಹಿಡಿಶಾಪ ಹಾಕುತ್ತಾ ಪೊರಕೆ ತಂದಳು.

ಗುಮಾಸ್ತರಿಗೆ ಆ ದಿನ ಹೂಜಿಗಿಂತ ದೊಡ್ಡ ಚಿಂತೆಯಿತ್ತು. ಪ್ರತಿ ಭಾನುವಾರ ಮಧ್ಯಾಹ್ನ ಅವರ ಊಟದ ಮೇಜಿನ ಸುತ್ತ ಕತೆಯಾಟ ನಡೆಯುತ್ತಿತ್ತು. ಕತೆ ಹೇಳುವುದು ಗುಮಾಸ್ತರು. ಉಳಿದವರು ಅದರೊಳಗಿನ ಪಾತ್ರಗಳಾಗಿ ದಾಳ ಉರುಳಿಸಿ ಸಾಹಸ ಮಾಡಬೇಕು. ದಂತವೈದ್ಯೆ ಬಿಲ್ಲುಗಾರ್ತಿ, ನರಪೇತಲ ದರ್ಜಿ ಮಹಾಮಲ್ಲ. ತೊಂದರೆಯೆಲ್ಲ ಮಂತ್ರವಾದಿಯದು, ಅಂದರೆ ಹೆಂಡತಿಯ ತಮ್ಮನದು. ಆಟದಲ್ಲಿ ಅವನ ಹತ್ತಿರ ಎದುರಿಗಿದ್ದವರ ಮನಸ್ಸು ಓದುವ ಮಂತ್ರವಿತ್ತು. ಗುಮಾಸ್ತರು ತಿಂಗಳುಗಟ್ಟಲೆ ತಲೆ ಕೆರೆದುಕೊಂಡು ಹೆಣೆದ ಮೂರು ರಹಸ್ಯಗಳನ್ನು ಆ ಪುಣ್ಯಾತ್ಮ ಹತ್ತತ್ತು ನಿಮಿಷದಲ್ಲಿ ಬಯಲು ಮಾಡಿದ್ದ.

"ಈ ಸಲವೂ ಗುಟ್ಟು ಕತೆ ಮುಗಿಯೋ ಮೊದಲೇ ಬಯಲಾದ್ರೆ ಕತೆ ಹೇಳೋ ಕುರ್ಚಿ ನಂಗೆ ಬಿಟ್ಕೊಡಿ ಭಾವ," ಅಂದಿದ್ದ. ಗುಮಾಸ್ತರು ರೋಷದಲ್ಲಿ ಹೂಂ ಅಂದುಬಿಟ್ಟಿದ್ದರು. ವಾರದಲ್ಲಿ ಆರು ದಿನ ಠಸ್ಸೆ ಒತ್ತುವ ಮನುಷ್ಯನಿಗೆ ಸಿಕ್ಕ ಸಿಂಹಾಸನ ಅದೊಂದೇ.

ಮಧ್ಯಾಹ್ನ ಎಲ್ಲರೂ ಸೇರಿದರು. ಅರಮನೆಯಲ್ಲಿ ಕಿರೀಟ ಕಳುವಾಗಿದೆ. ಅನುಮಾನ ಮೂವರ ಮೇಲೆ: ಅಡುಗೆಯವ, ಸೇನಾಪತಿ, ರಾಜಮಾತೆ. ಕದ್ದದ್ದು ರಾಜಮಾತೆ ಎಂಬುದು ಗುಮಾಸ್ತರಿಗೊಬ್ಬರಿಗೇ ಗೊತ್ತು.

"ಹೊಸ ನಿಯಮ," ಅಂದರು. "ಮಂತ್ರ ಹಾಕಿಸ್ಕೊಂಡೋರಿಗೂ ತಡೆಯೋ ಹಕ್ಕಿದೆ. ಅವರ ಪರವಾಗಿ ಈ ಇಪ್ಪತ್ತು ಮುಖದ ದಾಳ ಉರುಳಿಸ್ತೀನಿ. ಹನ್ನೆರಡು ದಾಟಿದ್ರೆ ಮನಸ್ಸಿನ ಬಾಗಿಲು ಬಂದ್."

ಭಾವಮೈದ ಮೊದಲು ಅಡುಗೆಯವನ ಮೇಲೆ ಮಂತ್ರ ಹಾಕಿದ. ನಾಲ್ಕು ಬಿತ್ತು. ಅವನ ಮನಸ್ಸಿನಲ್ಲಿ ತಳ ಹಿಡಿದ ಪಾತ್ರೆ ಬಿಟ್ಟು ಬೇರೇನೂ ಇರಲಿಲ್ಲ. ಸೇನಾಪತಿಗೆ ಐದು. ಅವನ ತಲೆ ತುಂಬ ಹಲ್ಲುನೋವು.

"ಮೇಲಿನ ಹಲ್ಲೋ, ಕೆಳಗಿನದೋ?" ದಂತವೈದ್ಯೆ ಚೀಲಕ್ಕೇ ಕೈಹಾಕಿದರು. ಅವರನ್ನು ಸಮಾಧಾನ ಮಾಡುವಷ್ಟರಲ್ಲಿ ಸಾಕುಬೇಕಾಯಿತು.

ರಾಜಮಾತೆಯ ಸರದಿಗೆ ಗುಮಾಸ್ತರ ಕೈ ಬೆವರಿ ದಾಳ ಜಾರಿ ಬೀರುವಿನ ಕೆಳಗೆ ಸೇರಿತು. ನಾಲ್ವರೂ ನೆಲಕ್ಕೆ ಕೆನ್ನೆ ಹಚ್ಚಿದರು. ದಂತವೈದ್ಯೆ ಬಾಯಿ ನೋಡುವ ಪುಟ್ಟ ಕನ್ನಡಿಯನ್ನು ಒಳಗೆ ತೂರಿಸಿ, "ಮೂರು!" ಎಂದು ಕೂಗಿದರು.

"ಕೆಳಗೆ ಬಿದ್ದದ್ದು ಆಟಕ್ಕಿಲ್ಲ!" ಗುಮಾಸ್ತರು ಹೆಚ್ಚುಕಡಿಮೆ ಅತ್ತೇಬಿಟ್ಟರು. ಎರಡನೆಯ ಸಲ ಹತ್ತೊಂಬತ್ತು ಬಿತ್ತು. "ತಡೆದರು!"

"ತಡೆದ್ರು ಅಂದ್ರೆ ಏನೋ ಮುಚ್ಚಿಡ್ತಿದ್ದಾರೆ," ಅಂದ ಭಾವಮೈದ.

"ಮರ್ಯಾದಸ್ಥರು ಯಾರಾದ್ರೂ ಮನಸ್ಸೊಳಗೆ ಇಣುಕೋಕೆ ಬಿಡ್ತಾರೇನೋ?"

ಇನ್ನು ಉಳಿದದ್ದು ಅರಮನೆಯ ತಾರಸಿಯ ದೃಶ್ಯ. ಗಂಡೋ ಹೆಣ್ಣೋ ತಿಳಿಯದ ಹಾಗೆ ಬರೀ 'ಬಂತು, ಹೋಯಿತು' ಎಂದೇ ಹೇಳಬೇಕೆಂದು ಗುಮಾಸ್ತರು ವಾರವಿಡೀ ಉರು ಹೊಡೆದಿದ್ದರು.

"ಕಿರೀಟ ಹಿಡಿದ ಮುಸುಕಿನ ಆಕೃತಿ ತಾರಸಿಗೆ ಬಂತು! ಹಿಂದೆ ತಿರುಗಿ ನೋಡಿತು! ಮಹಾಮಲ್ಲ ಬೆನ್ನಟ್ಟಿದ!" ಅವರಿಗೆ ಆವೇಶ ಬಂತು. ಎದ್ದು ನಿಂತು ಕೈ ಬೀಸಿದರು. "ಒಂದೇ ನೆಗೆತಕ್ಕೆ ಗೋಡೆ ಹಾರಿದರು!"

ಮೇಜಿನ ಸುತ್ತಲಿನ ತಲೆಗಳೆಲ್ಲ ಅವರತ್ತ ತಿರುಗಿದವು.

"ಹಾರಿದರು?" ದರ್ಜಿ ಮೆಲ್ಲಗೆ ಕೇಳಿದ.

"ಅಡುಗೆಯವನು ಬಂದ, ಸೇನಾಪತಿ ಹೋದ," ಭಾವಮೈದ ಬೆರಳು ಮಡಚಿದ. "ಇಡೀ ಅರಮನೇಲಿ ನೀವು ಬಹುವಚನ ಕೊಟ್ಟಿರೋದು ರಾಜಮಾತೆಗೊಬ್ರಿಗೇ. ಏಳಿ ಭಾವ, ಕುರ್ಚಿ ಬಿಡಿ."

ಮಂತ್ರಕ್ಕೆ ಜಗ್ಗದ ರಹಸ್ಯ ವ್ಯಾಕರಣಕ್ಕೆ ಬಿದ್ದುಹೋಗಿತ್ತು. ಗುಮಾಸ್ತರು ಜೋಲುಮುಖ ಹಾಕಿಕೊಂಡು ಕುರ್ಚಿ ಬಿಟ್ಟರು. ಅಷ್ಟು ಹೊತ್ತೂ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಹೆಂಡತಿ ಒಳಗೆ ಬಂದಳು.

"ರೀ, ಬೆಳಿಗ್ಗೆ 'ಹೂಜಿ ಬೀಳಿಸಿದೆ' ಅಂದ್ರಲ್ಲ. ಅದು ಬೆಕ್ಕು ಬೀಳಿಸಿದೆ ಅಂತಲೋ, ನಾನು ಬೀಳಿಸಿದೆ ಅಂತಲೋ?"

ಗುಮಾಸ್ತರು ಮೇಜಿನ ಮೇಲಿನ ದಾಳದ ಕಡೆ ನೋಡಿದರು. "ನನ್ನ ಮನಸ್ಸಿಗೂ... ತಡೆಯೋ ಹಕ್ಕಿದೆ ತಾನೆ? ನಿಯಮ ಅಂದ್ಮೇಲೆ ನಿಯಮ."

"ಉರುಳಿಸಿ," ಎಂದು ಅವಳೇ ದಾಳ ಮುಂದಿಟ್ಟಳು.

ಅವರು ಕಣ್ಣು ಮುಚ್ಚಿ ಉರುಳಿಸಿದರು. ಇಪ್ಪತ್ತು! ಜನ್ಮದಲ್ಲಿ ಬೀಳದ ಇಪ್ಪತ್ತು!

"ತಡೆದೆ! ತಡೆದೆ!" ಗುಮಾಸ್ತರು ಕುಣಿದಾಡಿದರು.

"ಸಂತೋಷ," ಅಂದಳು ಹೆಂಡತಿ. "ಬೆಕ್ಕೇ ಬೀಳಿಸಿದ್ರೆ ನೀವ್ಯಾಕ್ರೀ ತಡೀಬೇಕಿತ್ತು?"