ಕಾಕಾನ ಹಲಗೆಯ ಮೇಲೆ ವೀಲ್

ನಮ್ಮ ಕಾಕಾನಷ್ಟು ಸಭ್ಯ ಮನುಷ್ಯ ಮಾಳಮಡ್ಡಿಯಲ್ಲಿ ಇನ್ನೊಬ್ಬನಿಲ್ಲ. ಹಬ್ಬದ ದಿನ ಓಣಿಯವರಿಂದೆಲ್ಲ ಬೈಸಿಕೊಂಡವನೂ ಇನ್ನೊಬ್ಬನಿಲ್ಲ! ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾದವನು. ಮದುವೆಯಾಗಲಿಲ್ಲ. ಕೇಳಿದರೆ, "ಟೈಮ್ ಎಲ್ಲದ? ಡಿಕ್ಷನರಿಯೊಳಗ ಇನ್ನೂ ಅರ್ಧಕ್ಕ ಬಂದೇನಿ" ಎನ್ನುತ್ತಾನೆ.

ಮನೆಯ ಗೇಟಿಗೆ ಒಂದು ಕರಿಹಲಗೆ ತೂಗುಹಾಕಿದ್ದಾನೆ. ದಿನಕ್ಕೊಂದು ಇಂಗ್ಲಿಷ್ ಶಬ್ದ, ಅದರ ಅರ್ಥ, ಹುಟ್ಟು. ಕೆಳಗೆ, "ಸಂಶಯವಿದ್ದರೆ ಒಳಗೆ ಬನ್ನಿ." ಸಂಶಯ ಯಾರಿಗೆ ಬರುತ್ತದೆ ಹೇಳಿ? ಹಾಲಿನವನಿಗೆ ಒಮ್ಮೆ ಬಂದಿತ್ತಂತೆ: "ಸರ, ನಾಳಿಂದ ಅರ್ಧ ಲೀಟರ್ ಸಾಕೇನ್ರಿ?" ಕಾಕಾ ಅವನನ್ನೇ ಕೂರಿಸಿಕೊಂಡು 'ಲೀಟರ್' ಶಬ್ದದ ಹುಟ್ಟು ಹೇಳಿದ. ಮರುದಿನದಿಂದ ಹಾಲು ಗೇಟಿನ ಮೇಲೇ ಇರುತ್ತಿತ್ತು.

ಹೋದ ದೀಪಾವಳಿಗೆ ಮುಂಚೆ ಗೋವತ್ಸ ದ್ವಾದಶಿ ಬಂತು. ಓಣಿಯ ಹೆಂಗಸರು ಆಕಳು-ಕರುವಿನ ಪೂಜೆಗೆಂದು ಆರತಿ ಹಿಡಿದು ಹೊರಟರೆ, ಹಲಗೆಯ ಮೇಲೆ ಏನಿರಬೇಕು? "ವೀಲ್: ಎಳೆಗರುವಿನ ಮಾಂಸ"!

ಪಕ್ಕದ ಮನೆಯವರು ನನಗೆ ಫೋನ್ ಮಾಡಿದರು. "ಲಗೂನ ಬರ್ರಿ, ನಿಮ್ಮ ಕಾಕಾನ ಮನ್ಯಾಗ ಮಂದಿ ಕೂಡ್ಯಾರ." ನಾನಿರುವ ಬೆಂಗೇರಿ ಅರ್ಧ-ಮುಕ್ಕಾಲು ತಾಸಿನ ದಾರಿ; ಗಾಡಿ ಹತ್ತಿ ಓಡಿದೆ.

ಒಳಗೆ ಹದಿನೈದು ಜನ. ಹಿರಿಯರೊಬ್ಬರು ಕೇಳುತ್ತಿದ್ದರು, "ಜನ್ಮದಾಗ ಉಳ್ಳಾಗಡ್ಡಿ ಸುದ್ದಾ ಮುಟ್ಟಿಲ್ಲ ನೀವು. ಇದೇನ್ ಬರದ್ರಿ ಸರ?"

"ಹಬ್ಬಕ್ಕಂತನ ಹುಡುಕಿ ಬರದೇನ್ರಿ. ದನಾ ಕಾಯೋ ಇಂಗ್ಲಿಷ್ ಮಂದಿ ಕರುವಿಗೆ 'ಕಾಫ್' ಅಂದ್ರು. ತಾಟಿನ್ಯಾಗ ಹಾಕ್ಕೊಂಡು ತಿನ್ನೋ ಫ್ರೆಂಚ್ ದೊರಿಗಳು 'ವೀಲ್' ಅಂದ್ರು. ಅದರ ಲ್ಯಾಟಿನ್ ಮೂಲಕ್ಕೂ ನಮ್ಮ 'ವತ್ಸ'ಕ್ಕೂ ಬೇರು ಒಂದ. ವರ್ಷದ ಕರು ಅಂತ."

"ಬೇರು ಇರ್ಲಿ, ಮೊದಲ ಒರಸ್ರಿ."

ಕಾಕಾ ತಕ್ಷಣ ಒರೆಸಿದ. ಆದರೆ ಬಂದವರನ್ನು ಬಿಡಲಿಲ್ಲ. ಚಹಾಕ್ಕಿಟ್ಟ. ಮನೆಯಲ್ಲಿದ್ದದ್ದು ಎರಡೇ ಕಪ್ಪು. ಉಳಿದವರಿಗೆ ಲೋಟ, ಬಟ್ಟಲು, ಒಬ್ಬರಿಗೆ ಶೇವಿಂಗ್ ಮಗ್ಗು. ಎಲ್ಲರ ಮುಖ ನೋಡುತ್ತ ಕೇಳಿದ, "ಸಿಟ್ಟು ಇಳೀತೇನ್ರಿ? ಇಳಿದಿಲ್ಲಂದ್ರ ಇನ್ನೊಂದು ತಾಸು ಕೂಡ್ರಿ."

ಸಿಟ್ಟು ಎಂದೋ ಇಳಿದಿತ್ತು. ಪೂಜೆಗೆ ಹೊತ್ತಾಯಿತೆಂದು ಒಬ್ಬೊಬ್ಬರಾಗಿ ಎದ್ದರು. ಕಾಕಾ ಗೇಟಿನ ತನಕ ಹೋಗಿ ಕಳಿಸಿ ಬಂದ. ಮುಸುರೆ ತೊಳೆಯಲು ಹೋದ ನನ್ನನ್ನು ತಡೆದ.

"ಇರ್ಲಿ ಬಿಡು. ಎಷ್ಟು ಮಂದಿ ಬಂದಿದ್ರು ನೋಡು."

ಬೆಂಗೇರಿ ಏನು ಪರದೇಶವೇ? ಯುಗಾದಿಯಾದ ಮೇಲೆ ನಾನು ಈ ಮನೆಗೆ ಕಾಲಿಟ್ಟಿರಲಿಲ್ಲ.

"ನಿನಗ ನನ್ನ ಮ್ಯಾಲೆ ಎಂದೂ ಸಿಟ್ಟು ಬಂದಿಲ್ಲೇನೋ?" ಎಂದು ಕೇಳಿದ.

"ಇಲ್ಲ ಕಾಕಾ. ಯಾಕ ಬರ್ಬೇಕು?"

"ಅದಕ್ಕ ನೋಡು, ನೀ ಬರೂದ ಇಲ್ಲ."